ಬಾವಿಗೆ ಕಾಲಿಡದ ಊರು

ನೀರಿನ ವಿಷಯದಲ್ಲಿ ನಮ್ಮ ಮಂಡ್ಯದ ಕಡೆಯವರಿಗೆ ಸ್ವಲ್ಪ ಸೊಕ್ಕು. ನನಗಂತೂ ಒಂದು ಹಿಡಿ ಜಾಸ್ತಿಯೇ ಇತ್ತು. ನಮ್ಮ ಹಿತ್ತಲಿನಿಂದ ನೂರು ಹೆಜ್ಜೆ ನಡೆದರೆ ಕಟ್ಟೆ. ನಾಲೆಯ ನೀರು ಬಂದು ಅದು ವರ್ಷವಿಡೀ ತುಂಬಿರುತ್ತದೆ. ಬೆಳಗ್ಗೆ ಎದ್ದರೆ ಅದರಲ್ಲೇ ಮುಖ ತೊಳೆಯುತ್ತೇವೆ, ಎತ್ತಿನ ಮೈ ತಿಕ್ಕುತ್ತೇವೆ, ಇತ್ತಕಡೆಯ ಮೆಟ್ಟಿಲಿನಿಂದ ಕುಡಿಯುವುದಕ್ಕೂ ಅದನ್ನೇ ತರುತ್ತೇವೆ. ಸೂತಕ ಕಳೆಯಬೇಕಾದರೆ ಮುಳುಗು, ಗ್ರಹಣ ಬಿಟ್ಟರೆ ಮುಳುಗು, ಹಬ್ಬಕ್ಕೆ ಮೂರು ಸಲ ಮುಳುಗು. ಮಡಿ ಎಂದರೆ ನೀರಿಗೆ ಇಳಿಯುವುದು ಎಂದೇ ನಾನು ನಲವತ್ತು ವರ್ಷ ತಿಳಿದುಕೊಂಡಿದ್ದೆ. ನೀರಿಗೆ ಇಳಿಯದೆ ಇರುವುದೂ ಒಂದು ಮಡಿ ಎಂದು ಗೊತ್ತಾದದ್ದು ಹೋದ ವರ್ಷದ ಬೇಸಿಗೆಯಲ್ಲಿ, ಮುಂಬೈ ರಾಜ್ಯಕ್ಕೆ ಹೋದಾಗ.

ಮುಂಬೈ ರಾಜ್ಯ ಎಂದರೆ ಕಡಲತೀರ, ಗಿರಣಿ, ಟ್ರಾಮು ಎಂದು ಹಿಗ್ಗಬೇಡಿ. ನಾನು ಹೋದದ್ದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಗೆ. ಅಲ್ಲಿಯವರದೂ ಕನ್ನಡವೇ. ಆದರೂ ನಮ್ಮೂರಿನವರ ಪಾಲಿಗೆ ಅದು ಪರದೇಶ. ನನ್ನ ಹೆಂಡತಿ ಹಪ್ಪಳ, ಹುಣಸೆಹಣ್ಣು, ಜ್ವರದ ಮಾತ್ರೆ ಎಲ್ಲ ಕಟ್ಟಿಕೊಟ್ಟು, ಸಮುದ್ರ ದಾಟುವವನನ್ನು ಕಳಿಸುವ ಹಾಗೆ ಕಣ್ಣು ಒರೆಸಿಕೊಂಡಳು. ನಾನು ಕಂಬಳಿ ನೇಯುವವರ ಸಂಘವೊಂದರಲ್ಲಿ ಗುಮಾಸ್ತ. ಆ ಕಡೆಯ ಕರಿ ಕುರಿಯ ಉಣ್ಣೆ ಒರಟಾದರೂ ಬಾಳಿಕೆ ಬರುತ್ತದಂತೆ, ನೋಡಿಕೊಂಡು ಬಾ ಎಂದು ಸಂಘದವರು ಕಳಿಸಿದ್ದರು.

ಈಗ ಕೂತು ಬರೆಯಲು ನನಗೆ ಪುರುಸೊತ್ತು ಸಿಕ್ಕಿದೆ. ಯಾಕೆ ಸಿಕ್ಕಿತು ಎನ್ನುವುದನ್ನು ಕಡೆಯಲ್ಲಿ ಹೇಳುತ್ತೇನೆ.

ಜಮಖಂಡಿ

ಬಾಗಲಕೋಟೆಯಲ್ಲಿ ರೈಲು ಇಳಿದು ಬಸ್ಸು ಹತ್ತಿದೆ. ಬಸ್ಸು ಎಂದರೆ ಬಸ್ಸಿನ ಆಕಾರದ ಧೂಳು. ಪಕ್ಕದಲ್ಲಿ ಕೂತವರು ಜಿನ್ನಪ್ಪ ಎಂಬ ಜೈನ ರೈತರು. ಐವತ್ತು ದಾಟಿದ ವಯಸ್ಸು, ಬಿಳಿ ರುಮಾಲು, ತೊಡೆಯ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ತಂಬಿಗೆ. ನಾನು ಯಾರು, ಎತ್ತ ಎಂದೆಲ್ಲ ವಿಚಾರಿಸಿದರು. ಜಮಖಂಡಿ ಬರುವಷ್ಟರಲ್ಲಿ ನನ್ನ ಪ್ರವಾಸವನ್ನೇ ಅವರು ನಿಶ್ಚಯ ಮಾಡಿಬಿಟ್ಟಿದ್ದರು.

"ಉಣ್ಣಿ ನೋಡಾಕ ಬಂದೀರಿ ಅಂದ್ರ ನಮ್ಮೂರಿಗೇ ಬರ್ರಿ. ನಮ್ಮ ಓಣಿ ದಾಟಿದ್ರ ಕುರುಬರ ಮನಿ. ಮಾಳಪ್ಪ ಅಂತ ಒಬ್ಬಾಂವ ಅದಾನ, ಅವನ ಕೈಯಾಗಿನ ಕಂಬಳಿ ನೀವು ನೋಡಿರಾಕಿಲ್ಲ. ನಮ್ಮ ಮನ್ಯಾಗ ಇರ್ರಿ. ಜಮಖಂಡ್ಯಾಗ ಏನ್ ತಿಗಣಿಗೆ ರಕ್ತ ಕೊಡ್ತೀರಿ?"

ಜಮಖಂಡಿಯಲ್ಲಿ ರಾಜರ ಕಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಕಚೇರಿಗಳ ಮೇಲೆ ಮರಾಠಿ ಫಲಕ. ಜಗಲಿಯ ಮೇಲೆ ಕೂತವರು ಇನ್ನೂ ರಾಜರ ಮಾತನ್ನೇ ಆಡುತ್ತಿದ್ದರು. ಅದನ್ನೆಲ್ಲ ನೋಡಲು ಜಿನ್ನಪ್ಪನವರು ಬಿಡಲಿಲ್ಲ. ಕೃಷ್ಣೆಯ ದಿಕ್ಕಿಗೆ ಹೊರಟ ಎತ್ತಿನ ಗಾಡಿಯಲ್ಲಿ ನನ್ನನ್ನೂ ನನ್ನ ಟ್ರಂಕನ್ನೂ ಹಾಕಿದರು.

ಅವರ ಊರಿನ ಹೆಸರು ಬರೆಯುವುದಿಲ್ಲ. ಕಾರಣ ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ಆ ಊರು

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಜಿನ್ನಪ್ಪನವರ ಹೆಂಡತಿ ಪದ್ಮವ್ವ ಬಾಗಿಲಲ್ಲಿ ಒಂದು ಕೊಡ ನೀರಿಟ್ಟು, "ಕಾಲ ತೊಳಕೋರಿ" ಎಂದರು. ನಮ್ಮಲ್ಲಿ ಅತಿಥಿಗೆ ಒಂದು ಕೊಡ ಇಟ್ಟರೆ ಅದು ಅವನದೇ. ನಾನು ಮೊಣಕಾಲಿನವರೆಗೆ ಸುರಿದುಕೊಂಡೆ, ಮುಖ ತೊಳೆದೆ, ಕುತ್ತಿಗೆ ತೊಳೆದೆ, ಉಳಿದದ್ದನ್ನು ಚೆಲ್ಲಿ ಕೊಡ ಬೋರಲು ಹಾಕಿದೆ. ತಿರುಗಿ ನೋಡಿದರೆ ಆ ಮಹಾತಾಯಿ ಕಣ್ಣು ಮಿಟುಕಿಸದೆ ನಿಂತಿದ್ದಾರೆ. ಆ ಕೊಡದಲ್ಲಿ ನಾನು, ಜಿನ್ನಪ್ಪನವರು, ಗಾಡಿಯವನು, ಮೂವರ ಕಾಲೂ ತೊಳೆದು ಎಮ್ಮೆಗೂ ಒಂದಿಷ್ಟು ಉಳಿಯಬೇಕಾಗಿತ್ತಂತೆ.

ಅದಕ್ಕೆ ಶಿಕ್ಷೆಯೋ ಎಂಬಂತೆ ಆ ರಾತ್ರಿ ಊಟವಿಲ್ಲ. ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. "ದೀಪಕ್ಕ ಹುಳ ಬರ್ತಾವ, ಹುಳ ತಾಟಿನ್ಯಾಗ ಬೀಳ್ತಾವ, ಮಳಿಗಾಲದಾಗ ನೋಡಬೇಕ್ರಿ ನೀವು" ಎಂದು ಜಿನ್ನಪ್ಪನವರು ವಿವರಿಸಿದರು. ಇದು ಮಳೆಗಾಲವಲ್ಲವಲ್ಲ ಎಂದು ನನ್ನ ಹೊಟ್ಟೆ ವಾದಿಸಿತು. ಮರುದಿನ ಬೆಳಗ್ಗೆ ರೊಟ್ಟಿಯ ಜೊತೆ ಈರುಳ್ಳಿ ಕೇಳಿ, ನೆಲದೊಳಗಿನ ಗೆಡ್ಡೆ ಮುಟ್ಟದ ಪದ್ಮವ್ವನವರನ್ನು ಇನ್ನೊಂದು ಸಲ ಗಾಬರಿಪಡಿಸಿದೆ.

ಊಟ ಮುಗಿಸಿ ಅವರ ಹಿಂದೆಯೇ ಬಾವಿಗೆ ಹೋದೆ. ಊರಿಗೆಲ್ಲ ಸಿಹಿನೀರಿನದು ಅದೊಂದೇ ಬಾವಿ. ಕಲ್ಲಿನ ಪಾವಟಿಗೆಗಳು, ಅಂದರೆ ನಮ್ಮ ಮೆಟ್ಟಿಲುಗಳು, ಆಳಕ್ಕೆ ಇಳಿದಿದ್ದವು. ನೀರಿಗೆ ಎರಡು ಮೊಳ ಮೇಲೆಯೇ ಒಂದು ಚಪ್ಪಡಿ ಅಡ್ಡ ಹಾಕಿತ್ತು. ಅದರ ಪಕ್ಕದ ಗೂಡಿನಲ್ಲಿ ಕುಂಕುಮ ಮೆತ್ತಿದ ಒಂದು ಕಲ್ಲು, ಗಂಗವ್ವ. ಎಲ್ಲರೂ ಚಪ್ಪಡಿಯ ಮೇಲೆ ನಿಂತು ಹಗ್ಗದಲ್ಲಿ ಕೊಡ ಇಳಿಬಿಡುತ್ತಿದ್ದರು. ಅದರಿಂದ ಕೆಳಗೆ ಒಬ್ಬರ ಕಾಲೂ ಇಳಿಯುತ್ತಿರಲಿಲ್ಲ.

ಪದ್ಮವ್ವ ಕೊಡದ ಬಾಯಿಗೆ ದಪ್ಪ ಬಟ್ಟೆಯನ್ನು ಮಡಿಸಿ ಹಾಕಿ ನೀರು ಸೋಸಿದರು. ಆಮೇಲೆ ಬಟ್ಟೆಯನ್ನು ಬೋರಲು ಮಾಡಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಆ ತೊಳೆದ ನೀರನ್ನು ಒಂದು ಚಿಕ್ಕ ಬಕೀಟಿನಲ್ಲಿ ಸದ್ದಾಗದಂತೆ ಬಾವಿಗೇ ವಾಪಸು ಇಳಿಸಿದರು.

"ಇದೇನು ತಾಯಿ, ಕಸ ತೆಗೆದು ಮತ್ತೆ ಅದರಲ್ಲೇ ಹಾಕ್ತೀರಲ್ಲ?" ಎಂದೆ.

"ಕಸ ಅಲ್ರಿ, ಜೀವ. ಈ ಬಾವ್ಯಾಗಿನ ಜೀವ ಈ ಬಾವಿಗೇ ಹೋಗಬೇಕು. ಬ್ಯಾರೆ ಕಡೆ ಚೆಲ್ಲಿದ್ರ ಸಾಯ್ತಾವ."

ನಾನು ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ. ಕಾಣದ್ದಕ್ಕೆ ಇಷ್ಟು ಉಪಚಾರ ಮಾಡುವ ಜನ ಎಂದು ಒಳಗೊಳಗೇ ನಕ್ಕೆ. ಆ ನೀರಿಗೆ ಬಟ್ಟೆಯ ವಾಸನೆ ಬೇರೆ.

ಮಾಳಪ್ಪನ ಮನೆಗೆ ಹೋದಾಗ ಅವನು ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದ. ಏಳಡಿ ಇರಬೇಕು ಅನ್ನಿಸುವ ಆಳು, ಎಡಗಾಲು ಮಣೆಯ ಮೇಲೆ. ಅವನ ಮುದಿ ತಾಯಿ ಕರೆವ್ವ ಆ ಕಾಲಿನ ಮುಂದೆ ಕೂತು ಜೋಳದ ದಂಟಿನ ಒಂದು ಚೂರಿಗೆ ಏನನ್ನೋ ಸುತ್ತುತ್ತಿದ್ದಳು. ಬಿಳಿ ದಾರ ಎಂದುಕೊಂಡೆ. ಹತ್ತಿರ ಹೋದೆ. ದಾರ ಅವನ ಪಾದದ ಗಂಟಿನ ಹುಣ್ಣಿನೊಳಗಿಂದ ಬರುತ್ತಿತ್ತು.

"ನಾರು ಅಂತಾರ್ರಿ," ಎಂದ ಮಾಳಪ್ಪ, ನನ್ನ ಮುಖ ನೋಡಿ ನಗುತ್ತ. "ಹುಳ. ದಿನಾ ಒಂದ ಬೆರಳಷ್ಟ ಬರತೈತಿ. ಜಗ್ಗಿದ್ರ ಹರೀತೈತಿ. ಹರದ್ರ ಕಾಲಽ ಹೋಗತೈತಿ. ನಮ್ಮವ್ವ ಬಿಟ್ರ ಯಾರಿಗೂ ಮುಟ್ಟಗೊಡಂಗಿಲ್ಲ ನಾ."

"ಈ ಬಾವಿ ನೀರಿನಿಂದ ಬಂದದ್ದೇ?"

ಕರೆವ್ವ ತಲೆಯೆತ್ತಿದಳು. "ಬಿಡ್ತು ಅನ್ರಿ ಸಾಹೇಬ್ರ. ನಮ್ಮ ಗಂಗವ್ವ ಅಂಥಾಕಿ ಅಲ್ಲ. ಹ್ವಾದ ವರ್ಷ ಕುರಿ ಹೊಡಕೊಂಡ ದೂರ ಹೋಗಿದ್ದ, ಅಲ್ಲಿ ಯಾವ ಕೆರ್ಯಾಗ ಬಾಯಿ ಹಾಕ್ಯಾನೋ."

ಮಾಳಪ್ಪನ ಹಿಂಡು ಆಗ ಹೊಲದಲ್ಲಿ ಅವನ ಭಾವಮೈದುನನ ಜೊತೆ ಇತ್ತು. ಮಳೆಗೆ ಮುಂಚೆ ಕುರಿಗಳನ್ನು ಕೃಷ್ಣೆಗೆ ಹೊಡೆದು, ಮೈ ತೊಳೆದು, ಮೊದಲ ಉಣ್ಣೆ ಕುಲದೇವರಾದ ಬೀರಪ್ಪನಿಗೆ, ಅಂದರೆ ಬೀರದೇವರಿಗೆ, ಕೊಟ್ಟು ಆಮೇಲೆ ಕತ್ತರಿಸಬೇಕು. ತೊಳೆಯದೆ ಕತ್ತರಿ ಹಾಕಿದರೆ ದೇವರು ಮುನಿಯುತ್ತಾನೆ. ಕೊಳಕು ಉಣ್ಣೆಗೆ ಕತ್ತರಿಯೂ ಮುನಿಯುತ್ತದೆ ಎಂದು ಮಾಳಪ್ಪ ಸೇರಿಸಿದ. ಒಳ್ಳೆಯ ಮನುಷ್ಯ. ಮೂರು ದಿನ ಅವನ ಬಳಿ ಕೂತು ಉಣ್ಣೆಯ ಜಾತಿ ಕಲಿತೆ. ಮಾತಿನ ನಡುವೆ ಇದ್ದಕ್ಕಿದ್ದಂತೆ ಅವನು ಹಲ್ಲು ಕಚ್ಚುತ್ತಿದ್ದ, ಹಣೆಯಲ್ಲಿ ಬೆವರು ಒಡೆಯುತ್ತಿತ್ತು.

"ಉರಿ ಅಂದ್ರ ಉರಿರಿ. ಕೆಂಡದಾಗ ಇಟ್ಟಂಗ ಆಗತೈತಿ."

"ತಣ್ಣೀರಲ್ಲಿ ಇಡಬಾರದೇ?"

"ನಾರು ಪೂರಾ ಬೀಳೂತನಾ ನೀರಿಗಿ ಕಾಲ ಇಡಂಗಿಲ್ರಿ. ಬೀರಪ್ಪನ ಆಣಿ ಐತಿ."

ಇಲ್ಲೇ ನನ್ನ ಮಂಡ್ಯದ ಬುದ್ಧಿ ಕೆಲಸ ಮಾಡಿತು. ನಮ್ಮಲ್ಲಿ ಕಾಲು ಉಳುಕಿದರೆ, ಮುಳ್ಳು ಚುಚ್ಚಿದರೆ, ಚೇಳು ಕಡಿದರೆ ಕೂಡ ಮೊದಲು ನೀರಿಗಿಡುತ್ತೇವೆ. ನೀರೇ ಇಲ್ಲದ ಊರಿನಲ್ಲಿ ನೀರು ಉಳಿಸಲು ಯಾರೋ ದೇವರ ಹೆಸರು ಹೇಳಿ ಹೆದರಿಸಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ. ಅರ್ಧ ಸರಿಯಾದ ಲೆಕ್ಕ. ಹಾಳಾಗುವುದಕ್ಕೆ ಅಷ್ಟು ಸಾಕು.

ನಾಲ್ಕನೆಯ ದಿನ ಮಧ್ಯಾಹ್ನ ಊರೆಲ್ಲ ಮಲಗಿತ್ತು. ಕರೆವ್ವ ಹೊಲಕ್ಕೆ ಬುತ್ತಿ ಒಯ್ದಿದ್ದಳು. ಮಾಳಪ್ಪ ಅಳುತ್ತಿದ್ದ. ಅಷ್ಟೆತ್ತರದ ಗಂಡಸು ಅಳುವುದನ್ನು ನೋಡಲು ನನ್ನಿಂದಾಗಲಿಲ್ಲ.

"ಏಳಪ್ಪ, ಒಂದು ಗಳಿಗೆ ಇಟ್ಟು ತೆಗೆಯೋಣ. ನೀರಿಗೆ ಕಾಲಿಟ್ಟರೆ ಮುನಿಯುವ ದೇವರು ಯಾವನಯ್ಯ?" ಎಂದೆ.

"ಮನ್ಯಾಗಿನ ನೀರ ಮುಟ್ಟಿದ್ರ ಅವ್ವಗ ಗೊತ್ತಾಗತೈತ್ರಿ."

"ಹಾಗಾದರೆ ಬಾವಿಗೆ ನಡಿ."

ಹೌದು, ಹಾಗೆ ಹೇಳಿದವನು ನಾನೇ. ಅವನ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು ಪಾವಟಿಗೆ ಇಳಿಸಿದವನೂ ನಾನೇ. ಅವನು ಚಪ್ಪಡಿಯ ಆಚೆ ಒಂದು ಪಾವಟಿಗೆ ಇಳಿದು ಕೂತು, ಗಂಗವ್ವನ ಕಲ್ಲಿನ ಕಡೆ ಒಮ್ಮೆ ನೋಡಿ, ಕಾಲನ್ನು ನೀರಿಗೆ ಬಿಟ್ಟ. ಮುಖದ ನೆರಿಗೆಗಳೆಲ್ಲ ಸಡಿಲವಾದವು. "ಆಹಾ, ಯಪ್ಪಾ" ಎಂದು ಕಣ್ಣು ಮುಚ್ಚಿದ. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಸಂಘದ ಕೆಲಸ ಬಿಟ್ಟು ವೈದ್ಯನೇ ಆಗಬೇಕಿತ್ತು ಅನ್ನಿಸಿತು. ಹುಣ್ಣಿನಿಂದ ಅಕ್ಕಿ ಗಂಜಿಯಂಥ ಒಂದು ಬಿಳಿ ಎಳೆ ಹೊರಬಂದು ನೀರಿನಲ್ಲಿ ಹರಡಿತು. ಕೀವು ಹೋಗುತ್ತಿದೆ, ಒಳ್ಳೆಯದೇ ಆಯಿತು ಎಂದುಕೊಂಡೆ.

ಮೇಲೆ ಕೊಡ ಬಿದ್ದು ಉರುಳಿದ ಸದ್ದು. ಹೊಲದಿಂದ ಬಂದ ಕರೆವ್ವ ಬಾವಿಯ ಬಾಯಲ್ಲಿ ನಿಂತಿದ್ದಳು. "ಅಯ್ಯಯ್ಯೋ, ಊರ ಹಾಳ ಮಾಡಿದೇನೋ ಮಗನ!" ಎಂದು ಎದೆ ಬಡಿದುಕೊಂಡ ಕೂಗಿಗೆ ಮಲಗಿದ್ದವರೆಲ್ಲ ಎದ್ದು ಬಂದರು.

ಊರಿನ ಹಿರಿಯರೆಂದು ಜಿನ್ನಪ್ಪನವರೇ ಮುಂದೆ ಬಂದರು. ಅವರ ದನಿ ಏರಲಿಲ್ಲ. "ಯಾರು ಹೇಳಿದ್ರಲೇ ಮಾಳ್ಯಾ ನಿನಗ, ಇಳೀ ಅಂತ?"

ಮಾಳಪ್ಪ ಒಂದು ಸಲ ನನ್ನ ಕಡೆ ನೋಡಿದ. "ಯಾರೂ ಹೇಳಿಲ್ರಿ. ಉರಿ ತಡೀಲಿಲ್ಲ. ನಾನಽ ಬಂದ್ನಿ. ಸಾಹೇಬ್ರು ಬ್ಯಾಡಂತ ಹಿಡಿಯಾಕ ಬಂದಿದ್ರು."

ನಾನು ಮೂರನೆಯ ಪಾವಟಿಗೆಯಲ್ಲಿ ಅವನ ಕೋಲು ಹಿಡಿದುಕೊಂಡು ನಿಂತಿದ್ದೆ. ಇಲ್ಲ, ನಾನೇ ಕರೆತಂದೆ ಎನ್ನಲು ಎಷ್ಟು ಹೊತ್ತು ಬೇಕು? ಪರ ಊರು, ಸಂಘದ ಹೆಸರು, ಇನ್ನೂ ನೋಡಬೇಕಾದ ಉಣ್ಣೆ, ಏನೇನೋ ನೆಪ ಒಟ್ಟಿಗೆ ತಲೆಗೆ ಬಂದವು. ನಾನು ತಲೆ ತಗ್ಗಿಸಿದೆ. ಜನ ಅದನ್ನು ಹೌದು ಎಂದು ತಿಳಿದರು.

ಅರ್ಧ ಗಂಟೆಯೊಳಗೆ ತೀರ್ಮಾನವಾಯಿತು. ಗಂಗವ್ವ ಮುಟ್ಟಾಗಿದ್ದಾಳೆ. ಮಳೆ ಬಿದ್ದು ಹೊಸ ನೀರು ಬರುವವರೆಗೆ ಬಾವಿ ಯಾರಿಗೂ ಇಲ್ಲ. ಪಾವಟಿಗೆಯ ಬಾಯಿಗೆ ಬೇವಿನ ಸೊಪ್ಪಿನ ಹಗ್ಗ ಅಡ್ಡ ಕಟ್ಟಿದರು. ಕುಡಿಯುವ ನೀರು ಇನ್ನು ಮೂರು ಮೈಲಿ ಆಚೆಯ ಕೃಷ್ಣೆಯಿಂದ. ನಡೆಯಲಾರದ ಮುದುಕರ ಮನೆಗಳಿಗೆ ನೀರು ಹೊರುವ ತಪ್ಪುದಂಡ ಮಾಳಪ್ಪನ ಮನೆಗೆ. ಮಾಳಪ್ಪನಿಗೆ ನಡೆಯಲಾಗುವುದಿಲ್ಲ. ಅಂದರೆ ಕರೆವ್ವನಿಗೆ.

ಸಂಜೆ ಜಿನ್ನಪ್ಪನವರನ್ನು ಕೇಳಿದೆ: "ನಿಮ್ಮದು ಬೇರೆ ಧರ್ಮ. ಗಂಗವ್ವನ ಮೈಲಿಗೆಗೆ ನೀವೂ ಹೆದರುತ್ತೀರಾ?"

"ಅವರು ಗಂಗವ್ವ ಅಂತಾರ, ನಾವು ಜೀವ ಅಂತೀವಿ. ಬಾವಿ ಒಂದಽ ಐತೆಲ್ರಿ," ಎಂದರು.

ಮುಧೋಳ

ಮರುದಿನವೇ ಅಲ್ಲಿಂದ ಕಾಲು ಕಿತ್ತೆ. ಮಾಳಪ್ಪನಿಗೆ ನೇಯಲು ಹೇಳಿದ್ದ ಕಂಬಳಿಗಳಿಗಾಗಿ ತಿರುಗಿ ಬರಲೇಬೇಕಿತ್ತು, ಆದರೆ ಅದು ಮೂರು ವಾರದ ಮಾತು.

ಮುಧೋಳದಲ್ಲಿ ನಾಯಿಗಳನ್ನು ನೋಡಿದೆ. ಹೊಟ್ಟೆಯೇ ಇಲ್ಲದ, ಉದ್ದ ಮೂತಿಯ, ಯಾರಿಗೂ ಬಾಲ ಅಲ್ಲಾಡಿಸದ ನಾಯಿಗಳು. ಕುರಿ ಕಾಯುವವರು ಹಟ್ಟಿಯಲ್ಲಿ ಮೊದಲ ರೊಟ್ಟಿಯನ್ನು ದೇವರಿಗೆ ತೋರಿಸಿ ನಾಯಿಗೇ ಹಾಕುತ್ತಾರೆ. ಮನುಷ್ಯರದು ಎರಡನೆಯ ರೊಟ್ಟಿ. ತೋಳದ ಸೀಮೆಯಲ್ಲಿ ಅದು ನ್ಯಾಯವೇ ಎಂದು ನನಗೂ ಅನ್ನಿಸಿತು. ನಮ್ಮೂರಿನ ನಾಯಿಗೆ ಎಂಜಲೆಲೆಯೇ ಹೆಚ್ಚು, ಅದು ಕಾಯುವುದೂ ಅಷ್ಟರಲ್ಲೇ ಇದೆ.

ಚಹಾದಂಗಡಿಯಲ್ಲಿ ಉಣ್ಣೆ ವ್ಯಾಪಾರಿಯೊಬ್ಬನಿಗೆ ಬಾವಿಯ ಕಥೆಯನ್ನು ಯಾರದೋ ಕಥೆಯ ಹಾಗೆ ಹೇಳಿದೆ. ಚಹಾ ಸುರಿದ ಬಸಿಯನ್ನು ತುಟಿಯವರೆಗೆ ತಂದವನು ಹಾಗೇ ಕೆಳಗಿಟ್ಟ.

"ನಾರಿನ ಕಾಲ ಬಾವಿಗಿ ಇಳಿಸಿದ್ರಾ? ಯಾವ ಹುಚ್ಚಪ್ಯಾಲಿ ಇಳಿಸಿದಾಂವ?"

"ಗೊತ್ತಿಲ್ಲ," ಎಂದೆ.

ಬೀಳಗಿ, ಗಲಗಲಿ

ಬೀಳಗಿಯ ಕಡೆ ಗುಡ್ಡವೆಲ್ಲ ಬೋಳು. ಒಂದೊಂದು ಜಾಲಿಗಿಡ, ಅದರ ನೆರಳಿಗೆ ಇಪ್ಪತ್ತು ಕುರಿ. ಅಲ್ಲಿ ಕುರಿಗಾರನೊಬ್ಬ ಮೇವಿಗಾಗಿ ಟೊಂಗೆ ಕಡಿಯುವುದನ್ನು ನೋಡಿದೆ. ಪೂರ್ತಿ ಕಡಿಯಲಿಲ್ಲ. ಅರ್ಧ ಕೊಡಲಿ ಹಾಕಿ ಬಗ್ಗಿಸಿದ. ಟೊಂಗೆ ತೊಗಟೆಯಲ್ಲಿ ನೇತಾಡಿಕೊಂಡೇ ಇತ್ತು. ಕುರಿ ಅದನ್ನು ತಿಂದ ಮೇಲೂ ಅದು ಚಿಗುರುತ್ತದಂತೆ. ಪೂರ್ತಿ ಕಡಿದರೆ ಬೀರದೇವರ ಕೋಲು ಮುರಿದ ಪಾಪ. ನಾನು ಈ ಸಲ ನಗಲಿಲ್ಲ. ನಗುವ ಹಕ್ಕು ಕಳೆದುಕೊಂಡವನ ಹಾಗೆ ತಲೆಯಾಡಿಸಿದೆ.

ಗಲಗಲಿಯಲ್ಲಿ ಕೃಷ್ಣೆ. ಅಷ್ಟು ಒಣ ನೆಲದ ಪಕ್ಕದಲ್ಲಿ ಅಷ್ಟು ನೀರು ಹರಿಯುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಹರಿಗೋಲಿನಲ್ಲಿ ಕೂತವನು ಉಮೇದಿನಲ್ಲಿ, "ಇಲ್ಲಿ ಮೊಸಳೆ ಇದೆಯಂತಲ್ಲ?" ಎಂದು ಗಟ್ಟಿಯಾಗಿ ಕೇಳಿಬಿಟ್ಟೆ. ಮಾತಾಡುತ್ತಿದ್ದ ಹೆಂಗಸರು ಬಾಯಿ ಮುಚ್ಚಿದರು. ಅಂಬಿಗ ಹುಟ್ಟು ನಿಲ್ಲಿಸಿ, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ನೀರಿನ ಮೇಲೆ ಅದರ ಹೆಸರು ಹೇಳುವಂತಿಲ್ಲ. 'ದೊಡ್ಡಾಂವ' ಎನ್ನಬೇಕು. ಅದು ಮಲಗುವ ಮಡುವಿನಲ್ಲಿ ಬಲೆ ಹಾಕುವಂತಿಲ್ಲ. ಅಲ್ಲಿ ಮೀನು ಮರಿ ಮಾಡುತ್ತದೆ ಎಂದು ಅವನೇ ಆಮೇಲೆ ಹೇಳಿದ.

ಆಚೆ ದಡದಲ್ಲಿ ಕುರಿ ತೊಳೆಯುತ್ತಿದ್ದರು. ಗಂಡಸರು ಸೊಂಟದವರೆಗೆ ನೀರಿನಲ್ಲಿ ನಿಂತು ಒಂದೊಂದೇ ಕುರಿಯನ್ನು ಮುಳುಗಿಸಿ ತಿಕ್ಕಿ ಬಿಡುತ್ತಿದ್ದರು. ಅವರಲ್ಲಿ ಒಬ್ಬನ ಮೊಣಕಾಲಿನ ಕೆಳಗೆ ನಾರಿನ ಹಳೆಯ ಗಾಯದ ಗುರುತು. ನಾನು ಅಂಬಿಗನನ್ನು ಕೇಳಿದೆ.

"ಇಲ್ಲಿ ಮನುಷ್ಯರು ಇಳೀತಾರೆ, ಕುರಿ ಇಳಿಯುತ್ತೆ. ಬಾವಿಗೆ ಮಾತ್ರ ಯಾಕಪ್ಪ ಕಾಲಿಡಬಾರದು?"

"ಹರಿಯೂ ನೀರಿಗಿ ಮೈಲಿಗಿ ಇಲ್ರಿ. ತಂದದ್ದನ್ನ ತಗೊಂಡ ಹೋಗತೈತಿ. ನಿಂತ ನೀರ ಹಂಗಲ್ಲ. ಕೊಟ್ಟದ್ದನ್ನ ಇಟಗೊಂಡ ಕುಂಡ್ರತೈತಿ, ಆಮ್ಯಾಲೆ ನಿಮಗಽ ಕುಡಿಸತೈತಿ."

ಅವನು ಹುಟ್ಟು ಹಾಕುತ್ತ ಹೇಳಿದ ಮಾತು. ಬಾವಿಯ ನೀರಿನಲ್ಲಿ ಹರಡಿದ ಆ ಬಿಳಿ ಎಳೆ ನನ್ನ ಕಣ್ಣಮುಂದೆ ಬಂತು.

ರಬಕವಿ-ಬನಹಟ್ಟಿ

ಇಲ್ಲಿ ನನಗೆ ಕೆಲಸ ಹೆಚ್ಚಿರಲಿಲ್ಲ. ಸೀರೆಯ ಊರಿಗೆ ಕಂಬಳಿಯವನೇನು ಹೇಳುವುದು? ಓಣಿಯ ತುಂಬ ಮಗ್ಗದ ಸದ್ದು, ರಸ್ತೆಯ ಉದ್ದಕ್ಕೂ ಹಾಸಿದ ನೂಲು. ನಾನು ಹೋದ ಎರಡನೆಯ ದಿನ ಊರು ಇದ್ದಕ್ಕಿದ್ದಂತೆ ಮೌನವಾಯಿತು. ಯಾರಾದರೂ ಹೋಗಿಬಿಟ್ಟರೋ ಎಂದು ಗಾಬರಿಯಾಗಿ ಕೇಳಿದರೆ, ಅಮಾವಾಸ್ಯೆ, ಮಗ್ಗ ಮುಟ್ಟುವುದಿಲ್ಲ ಎಂದರು. ನನ್ನನ್ನು ಕರೆದು ಕೂರಿಸಿದ ನೇಕಾರ ತನ್ನ ಕುಣಿಮಗ್ಗ ತೋರಿಸಿದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ದಿನವಿಡೀ ಹಲಗೆ ತುಳಿಯುವುದು.

"ಎರಡ ಕಾಲ ನೆಟ್ಟಗಿದ್ರ ನೇಕಾರ, ಇಲ್ಲಂದ್ರ ಏನೂ ಇಲ್ರಿ," ಎಂದ ಅವನು. "ನಾರು ಬಂತಂದ್ರ ಮಗ್ಗ ಬಂದ್. ನಮ್ಮ ಓಣ್ಯಾಗ ಹಿಂದಕ ಒಮ್ಮೆ ಒಂದ ಬಾವಿಂದ ಮನಿಗಿಬ್ಬರಂಗ ಮಲಗಿದ್ರು. ಈಗ ಹೊಳಿ ನೀರ ಬಿಟ್ರ ಮುಟ್ಟಂಗಿಲ್ಲ ನಾವು."

ಮನೆಗೆ ಇಬ್ಬರಂತೆ. ಜಿನ್ನಪ್ಪನವರ ಊರಿನ ಮನೆಗಳನ್ನು ನಾನು ಬೆರಳಿನಲ್ಲಿ ಎಣಿಸತೊಡಗಿ, ಅರ್ಧಕ್ಕೆ ಬಿಟ್ಟೆ. ಹೋಗಿ ಎಲ್ಲರ ಮುಂದೆ ನಿಜ ಹೇಳಿಬಿಡಬೇಕು ಎಂದು ಆ ನಿಂತ ಮಗ್ಗದ ಮುಂದೆ ಕೂತು ನಿಶ್ಚಯಿಸಿದೆ.

ಮತ್ತೆ ಆ ಊರು

ಇಪ್ಪತ್ತೈದು ದಿನಗಳ ಮೇಲೆ ಹೋದಾಗ ಮಾಳಪ್ಪ ಬಾಗಿಲಲ್ಲೇ ನಿಂತಿದ್ದ. ನಾರು ಪೂರ್ತಿ ಬಿದ್ದಿತ್ತು. ಕಾಲು ಉಳಿದಿತ್ತು. "ಬರ್ರಿ ಸಾಹೇಬ್ರ, ನಿಮ್ಮ ಕಂಬಳಿ ತಯಾರದಾವ" ಎಂದು ಹಲ್ಲು ಬಿಟ್ಟ. ಆ ಮಧ್ಯಾಹ್ನದ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಕರೆವ್ವ ಬಂದಳು. ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು. ಮೂರು ಮೈಲಿ. ಅದು ಆ ದಿನದ ಎರಡನೆಯ ಸರದಿಯಂತೆ. ಕೊಡ ಇಳಿಸಿದವಳು ಉಸಿರು ಕೂಡ ಬಿಡದೆ ಮೊದಲು ತಂಬಿಗೆ ತುಂಬಿ ನನ್ನ ಕೈಗೆ ಕೊಟ್ಟಳು. "ಬಿಸಲಾಗ ಬಂದೀರಿ, ಕುಡೀರಿ ಯಪ್ಪಾ."

ನನ್ನ ಗಂಟಲು ಒಣಗಿ ಅಂಟಿಕೊಂಡಿತ್ತು. ಆದರೂ ಆ ನೀರನ್ನು ಕುಡಿಯಲು ನನ್ನಿಂದಾಗಲಿಲ್ಲ. "ಬಾಯಾರಿಕೆ ಇಲ್ಲ ತಾಯಿ, ಈಗಷ್ಟೇ ಕುಡಿದೆ" ಎಂದು ಸುಳ್ಳು ಹೇಳಿ ಎದ್ದುಬಿಟ್ಟೆ. ನಿಜ ಹೇಳಲು ಬಂದವನು ಇನ್ನೊಂದು ಸುಳ್ಳು ಸೇರಿಸಿ ಹೊರಬಿದ್ದೆ.

ಬಾವಿಯ ಕಡೆ ಕಾಲು ತಾನಾಗಿ ಹೋಯಿತು. ಬೇವಿನ ಸೊಪ್ಪು ಒಣಗಿ ಹಗ್ಗದಲ್ಲಿ ಗರಗರ ಅನ್ನುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ಹಗ್ಗದ ಕೆಳಗೆ ನುಸುಳಿ ಇಳಿದೆ. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲು ಕಾಣುತ್ತಿತ್ತು. ಇಷ್ಟು ದಿನವಾಗಿದೆ, ಇದರಲ್ಲಿ ಏನಿದೆ ಮಣ್ಣು? ಏನೂ ಇಲ್ಲ. ಏನೂ ಇಲ್ಲವಾದರೆ ನಾನು ಮಾಡಿದ್ದೂ ಏನಿಲ್ಲ. ಆ ಮುದುಕಿ ಸುಮ್ಮನೆ ನಡೆಯುತ್ತಿದ್ದಾಳೆ, ನನ್ನಿಂದಲ್ಲ, ಅವರ ಮೂಢನಂಬಿಕೆಯಿಂದ. ಇದನ್ನು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಚಪ್ಪಡಿ ದಾಟಿ ಕೆಳಗಿನ ಪಾವಟಿಗೆಗೆ ಇಳಿದು, ಬಗ್ಗಿ, ಬೊಗಸೆ ಬೊಗಸೆಯಾಗಿ ಕುಡಿದೆ. ಬಟ್ಟೆಯ ವಾಸನೆ ಇರಲಿಲ್ಲ. ಬಹಳ ರುಚಿಯಾದ ನೀರು.

ಮರುದಿನ ಕಂಬಳಿಗಳನ್ನು ಕಟ್ಟಿಕೊಂಡು ಹೊರಟೆ. ಮಾಳಪ್ಪ ಕರಿ ಕಂಬಳಿಯೊಂದನ್ನು ನನ್ನ ಹೆಗಲ ಮೇಲೆ ಹಾಕಿ, "ಇದು ನಿಮಗ, ನನ್ನ ಕಡಿಂದ" ಎಂದ. ಪದ್ಮವ್ವ ದಾರಿಗೆ ರೊಟ್ಟಿ ಕಟ್ಟಿಕೊಟ್ಟರು. ಏನೋ ಹೇಳಬೇಕೆಂದು ಬಾಯಿ ತೆರೆದು, ಗಂಡನ ಮುಖ ನೋಡಿ, "ಹುಷಾರಲೆ ಹೋಗಿ ಬರ್ರಿ" ಎಂದಷ್ಟೇ ಹೇಳಿದರು. ನಾನೂ ಹೇಳಬೇಕಾದದ್ದನ್ನು ಹೇಳಲಿಲ್ಲ. ಗಾಡಿ ಹೊರಟಿತು.

ನಮ್ಮೂರು

ವರ್ಷ ಕಳೆಯಿತು. ಸಂಘದವರಿಗೆ ಉಣ್ಣೆ ಹಿಡಿಸಿತು. ನನ್ನ ಪ್ರವಾಸದ ಕಥೆ ಮನೆಮಂದಿಗೆಲ್ಲ ಹಿಡಿಸಿತು. ಕಾಲು ತೊಳೆದ ಕೊಡ, ಈರುಳ್ಳಿ, ಮೊಸಳೆ, ಎಲ್ಲ ಹೇಳಿ ನಗಿಸಿದೆ. ಬಾವಿಯದು ಹೇಳಲಿಲ್ಲ.

ಹೋದ ವಾರ ಬಲಗಾಲಿನ ಪಾದದ ಗಂಟಿನ ಹತ್ತಿರ ಒಂದು ಗುಳ್ಳೆ ಎದ್ದಿತು. ಮೊದಲು ತುರಿಕೆ, ಮರುದಿನ ಉರಿ. ಮಾಳಪ್ಪ ಹೇಳಿದ್ದು ಸುಳ್ಳಲ್ಲ, ಕೆಂಡವೇ. ಅಂಗಳದಲ್ಲಿ ಕೂತು ನರಳುತ್ತಿದ್ದ ನನ್ನನ್ನು ನೋಡಲಾರದೆ ನನ್ನ ಹೆಂಡತಿ, "ಸುಮ್ನೆ ಕೂತ್ಕೊಂಡು ಒದ್ದಾಡ್ತೀರಲ್ಲ, ಕಟ್ಟೆಗೆ ಹೋಗಿ ಒಂದ್ ಗಳಿಗೆ ಕಾಲ್ ಬಿಟ್ಕೊಂಡ್ ಬರಬಾರ್ದಾ? ಏಳಿ, ನಾನು ಹಿಡ್ಕೋತೀನಿ" ಎಂದಳು. ನಾನು ಎದ್ದೆ. ಆ ಉರಿಯಲ್ಲಿ ಬೇರೆ ಯಾವ ಯೋಚನೆಯೂ ಬರುವುದಿಲ್ಲ. ಅವಳ ಹೆಗಲು ಹಿಡಿದು ಹಿತ್ತಲ ಬಾಗಿಲಿಗೆ ಬಂದಿದ್ದೆವು. ಆಗ ಮುಂಬಾಗಿಲಲ್ಲಿ ಅಂಚೆಯವನು ಕೂಗಿದ. ಜಮಖಂಡಿಯ ಮುದ್ರೆ ಇದ್ದ ಒಂದು ಕಾರ್ಡನ್ನು ಹೆಂಡತಿ ತಂದುಕೊಟ್ಟಳು. ನಿಂತಲ್ಲೇ ಓದಿದೆ.

'ಸಾಹೇಬರಿಗೆ ಜಿನ್ನಪ್ಪನ ನಮಸ್ಕಾರ. ನಾವೆಲ್ಲ ಆರಾಮ ಅದೇವಿ. ಹ್ವಾದ ವರ್ಷ ಮಳಿ ಛಲೋ ಆಗಿ ಗಂಗವ್ವಗ ಹೊಸ ನೀರ ಬಂತು, ಕರೆವ್ವನ ಕೊಡ ಇಳೀತು. ವರ್ಷ ತುಂಬಿತು, ಊರಾಗ ಒಬ್ಬರಿಗೂ ನಾರು ಬಂದಿಲ್ಲ. ನೀವು ಹಗ್ಗದ ಕೆಳಗ ಹಾದು ನೀರ ಕುಡಿದದ್ದನ್ನ ನಮ್ಮ ಮನ್ಯಾಕಿ ಮಾಳಿಗಿ ಮ್ಯಾಲಿಂದ ನೋಡಿದ್ಳು. ಬಂದ ಮಂದಿಗಿ ಹ್ಯಾಂಗ ಹೇಳೂದಂತ ನಾವು ಸುಮ್ಮನಾದೆವು, ಅದು ನಮ್ಮ ತಪ್ಪು. ನಿಮ್ಮ ಕಾಲು ಹ್ಯಾಂಗ ಐತಿ, ತಿಳಸ್ರಿ. ನಾರು ಕಂಡ್ರ ಜಗ್ಗಬ್ಯಾಡ್ರಿ, ದಿನಾ ಬೆರಳಷ್ಟ ಸುತ್ತರಿ. ಮಾಳಪ್ಪ ಮುಂದ ಕುಂತು ಬರಸಾಕತ್ತಾನ: ಉರಿ ಬಾಳ ಆಗತೈತಿ. ಯಾರರ ಅಂತಃಕರಣದಿಂದ ಬಂದು, ನೀರಿಗಿ ಇಡ್ರಿ ಅಂತಾರ. ಕೇಳಬ್ಯಾಡ್ರಿ.'

ಹಿತ್ತಲ ಬಾಗಿಲಲ್ಲೇ ಕೂತುಬಿಟ್ಟೆ. ಹೆಂಡತಿ, "ಯಾರು ಹೋದರು?" ಎಂದು ಗಾಬರಿಯಾದಳು. ಅಳುತ್ತ ಅಳುತ್ತ ಅವಳಿಗೆ ಮೊದಲ ಸಲ ಬಾವಿಯ ಕಥೆ ಪೂರ್ತಿ ಹೇಳಿದೆ. ಅವಳು ಕಟ್ಟೆಯ ಕಡೆ ನೋಡಿದಳು. ಅಲ್ಲಿ ನಮ್ಮ ಬೀದಿಯ ಹೆಂಗಸರು ಸಾಲಾಗಿ ಕೊಡ ತುಂಬುತ್ತಿದ್ದರು. ನನ್ನ ಹೆಗಲ ಮೇಲಿನ ಕೈಯನ್ನು ತೆಗೆದು ಅವಳು ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದಳು.

ಜಿನ್ನಪ್ಪನವರಿಗೆ ಅಂದೇ ಉತ್ತರ ಬರೆದೆ. ಅವತ್ತು ಮಾಳಪ್ಪನನ್ನು ಬಾವಿಗೆ ಇಳಿಸಿದವನು ನಾನು, ಅವನು ನನಗಾಗಿ ಸುಳ್ಳು ಹೇಳಿದ, ಕರೆವ್ವ ನನ್ನ ತಪ್ಪಿಗೆ ನೀರು ಹೊತ್ತಳು, ಇದನ್ನು ಊರಿನ ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಎಂದು ಬರೆದೆ.

ಇಂದಿಗೆ ಎಂಟು ದಿನ. ಕಾಲು ಮಣೆಯ ಮೇಲಿದೆ, ಮಾಳಪ್ಪನ ಕಂಬಳಿ ಬೆನ್ನಿಗಿದೆ. ನನ್ನ ಹೆಂಡತಿ ಬೆಳಗ್ಗೆ ಒಂದು ಬೆರಳಷ್ಟು ನಾರನ್ನು ಪೊರಕೆ ಕಡ್ಡಿಗೆ ಸುತ್ತಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿಕೊಂಡು ನೀರಿಗೆ ಹೋದಳು. ಉರಿ ಇದೆ. ಕಟ್ಟೆಯಲ್ಲಿ ಯಾರೋ ಈಜುತ್ತಿರುವ ಸದ್ದು ಇಲ್ಲಿಗೆ ಕೇಳಿಸುತ್ತಿದೆ. ನಾನು ಕಾಲು ಇಳಿಸಿಲ್ಲ.